‘ಹೆಗ್ಗಡೆ’ ಎಂಬ ಕುಲನಾಮ: ಶೋಧನೆ, ಹಂಚಿಕೆ ಮತ್ತು ಸಂರಕ್ಷಣೆ

ಮನುಷ್ಯನಿಗೆ ಎರಡು ಹೆಸರುಗಳಿರುತ್ತವೆ. ಒಂದು, ಅವನು ಹುಟ್ಟಿದ ಮೇಲೆ ಹಿರಿಯರು ಇಟ್ಟದ್ದು. ಇನ್ನೊಂದು, ಅವನು ಹುಟ್ಟುವ ಮೊದಲೇ ಮನೆಯಲ್ಲಿದ್ದದ್ದು. ಮೊದಲನೆಯದರ ಅರ್ಥವನ್ನು ಮಕ್ಕಳಿಗೆ ಪ್ರೀತಿಯಿಂದ ತಿಳಿಸುತ್ತೇವೆ. ಎರಡನೆಯದನ್ನು ಕುರಿತು ಕೇಳಿದರೆ ‘ಅದು ನಮ್ಮ ಮನೆತನದ ಹೆಸರು’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಇತ್ತೀಚೆಗೆ ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ವಂಶವೃಕ್ಷವನ್ನು ಬರೆಯಿಸುವ, ಕುಟುಂಬದ ಚರಿತ್ರೆಯನ್ನು ಅಚ್ಚು ಹಾಕಿಸಿ ಪಂಚಕಲ್ಯಾಣದ ಸಂದರ್ಭದಲ್ಲಿಯೋ ಗೃಹಪ್ರವೇಶದ ದಿನವೋ ಹಂಚುವ ಉತ್ಸಾಹ ಕಾಣುತ್ತಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಈ ಕಾರ್ಯವನ್ನು ಯಾವ ಭಾವನೆಯಿಂದ ಮಾಡಬೇಕು, ಹೇಗೆ ಮಾಡಿದರೆ ಅದು ಇತಿಹಾಸವಾದೀತು, ಹೇಗೆ ಮಾಡಿದರೆ ಕೇವಲ ಕುಲಮದವಾದೀತು ಎಂಬ ವಿಚಾರವನ್ನು ಶ್ರಾವಕರಾದ ನಾವು ಮೊದಲಿಗೇ ಮಾಡಿಕೊಳ್ಳುವುದು ಒಳಿತು. ಇದಕ್ಕೆ ನಿದರ್ಶನವಾಗಿ ನಾಡಿಗೆಲ್ಲ ಪರಿಚಿತವಾದ ‘ಹೆಗ್ಗಡೆ’ ಎಂಬ ಒಂದೇ ಕುಲನಾಮವನ್ನು ತೆಗೆದುಕೊಂಡು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಪದದ ಪ್ರಯಾಣ

‘ಹೆಗ್ಗಡೆ’ ಎಂಬುದರ ಹಳಗನ್ನಡ ರೂಪ ‘ಪೆರ್ಗಡೆ’. ಇದರ ಮೊದಲ ಭಾಗವಾದ ‘ಪೆರ್’ ಎಂಬುದಕ್ಕೆ ದೊಡ್ಡ, ಹಿರಿಯ ಎಂಬ ಅರ್ಥವಿದೆ. ಕನ್ನಡದಲ್ಲಿ ಹತ್ತನೆಯ ಶತಮಾನದ ಬಳಿಕ ಪದದ ಆದಿಯ ಪಕಾರವು ಕ್ರಮೇಣ ಹಕಾರವಾಯಿತು. ‘ಪಾಲು’ ‘ಹಾಲು’ ಆದಂತೆ, ‘ಪೂವು’ ‘ಹೂವು’ ಆದಂತೆ, ‘ಪೆರ್ಗಡೆ’ಯು ‘ಹೆರ್ಗಡೆ’ಯಾಗಿ, ರಕಾರವು ಮುಂದಿನ ವ್ಯಂಜನದೊಡನೆ ಸಮವಾಗಿ ‘ಹೆಗ್ಗಡೆ’ ಎಂದಾಯಿತು. ಆಡುಮಾತಿನಲ್ಲಿ ಅದೇ ‘ಹೆಗಡೆ’, ‘ಹೆಗ್ಡೆ’ ಎಂದು ಮೊಟಕುಗೊಂಡಿತು. ತುಳು ಭಾಷೆಯಲ್ಲಿ ಹಳೆಯ ಪಕಾರವು ಉಳಿದಿರುವುದರಿಂದ ಅಲ್ಲಿ ‘ಪೆರ್ಗಡೆ’ ಎಂಬ ರೂಪವೇ ಜನರ ನಾಲಗೆಯ ಮೇಲೆ ನಿಂತಿತು. ಧರ್ಮಸ್ಥಳದ ಸ್ಥಳಪುರಾಣದಲ್ಲಿ ನೆಲ್ಯಾಡಿ ಬೀಡಿನ ದಂಪತಿಗಳ ಹೆಸರು ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ಎಂದೇ ಇದೆ. ನೆರೆಯ ತೆಲುಗಿನಲ್ಲಿ ಇದರ ಸೋದರ ರೂಪ ‘ಪ್ರೆಗಡ’. ಹದಿನಾಲ್ಕನೆಯ ಶತಮಾನದಲ್ಲಿ ತೆಲುಗು ಮಹಾಭಾರತವನ್ನು ಪೂರ್ಣಗೊಳಿಸಿದ ಕವಿ ಎರ್ರನನ್ನು ‘ಎರ್ರಾಪ್ರೆಗಡ’ ಎಂದು ಕರೆಯುವುದು ಇದರಿಂದಲೇ. ಹೀಗೆ ಒಂದು ಮನೆಯ ಹೆಸರೆಂದು ನಾವು ತಿಳಿದಿರುವ ಪದವು ಮೂರು ಭಾಷೆಗಳ ನೆಲದಲ್ಲಿ ಬೇರು ಬಿಟ್ಟಿದೆ.

ಇದು ಹುಟ್ಟಿನಿಂದ ಬಂದ ಹೆಸರಲ್ಲ, ಹುದ್ದೆಯಿಂದ ಬಂದುದು. ಚಾಲುಕ್ಯ ಮತ್ತು ಹೊಯ್ಸಳರ ಕಾಲದ ಶಾಸನಗಳಲ್ಲಿ ಅರಮನೆಯ ಆಡಳಿತವನ್ನು ನೋಡುವವನು ‘ಮನೆವೆರ್ಗಡೆ’, ಸುಂಕವನ್ನು ಎತ್ತುವವನು ‘ಸುಂಕವೆರ್ಗಡೆ’, ಲೆಕ್ಕಪತ್ರಗಳ ಮೇಲ್ವಿಚಾರಕನು ‘ಕಡಿತವೆರ್ಗಡೆ’. ಈ ಕೊನೆಯ ಪದವನ್ನು ನಮ್ಮ ವಿಷಯಕ್ಕಾಗಿ ವಿಶೇಷವಾಗಿ ಗಮನಿಸಬೇಕು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಮಸಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ‘ಕಡಿತ’. ಇಂದು ಸರಕಾರಿ ಕಚೇರಿಗಳಲ್ಲಿ ನಾವು ಹೇಳುವ ‘ಕಡತ’ ಎಂಬ ಮಾತು ಅದರಿಂದಲೇ ಬಂದಿದೆ. ಅಂದರೆ ಹೆಗ್ಗಡೆಯೆಂಬ ಹೆಸರಿನ ಒಂದು ಮುಖವು ಬರಹವನ್ನು ಕಾಯುವ, ಲೆಕ್ಕ ಒಪ್ಪಿಸುವ ಹೊಣೆಯನ್ನು ಸೂಚಿಸುತ್ತದೆ. ಆ ಹೆಸರನ್ನು ಹೊತ್ತವರು ತಮ್ಮ ಮನೆಯ ಬರಹಗಳನ್ನೇ ಗೆದ್ದಲಿಗೆ ಬಿಟ್ಟರೆ ಅದು ಹೆಸರಿಗೆ ತಕ್ಕುದಾಗಲಾರದು.

ಇದೇ ರೀತಿ ಹುದ್ದೆಯು ಹೆಸರಾದುದಕ್ಕೆ ಶ್ರವಣಬೆಳಗೊಳದಲ್ಲಿಯೇ ಇನ್ನೊಂದು ಸಾಕ್ಷಿಯಿದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅರಸನು ಅದಕ್ಕೆ ‘ಭವ್ಯಚೂಡಾಮಣಿ’ ಎಂಬ ಹೆಸರನ್ನಿತ್ತರೂ ಜನರ ಬಾಯಲ್ಲಿ ಅದು ಇಂದಿಗೂ ‘ಭಂಡಾರಿ ಬಸದಿ’. ಅರಸನಿತ್ತ ಹೆಸರಿಗಿಂತಲೂ ದಾನಿಯ ಕೆಲಸದ ಹೆಸರೇ ಕಾಲವನ್ನು ಗೆದ್ದು ನಿಂತಿತು.

ಶಾಂತಲೆಯ ತಂದೆ ಒಬ್ಬ ಪೆರ್ಗಡೆ

ಕುಲನಾಮವೊಂದು ಕಂಡೊಡನೆ ಧರ್ಮವನ್ನು ನಿರ್ಣಯಿಸುವ ಅಭ್ಯಾಸ ನಮ್ಮಲ್ಲಿದೆ. ಈ ಅಭ್ಯಾಸವು ಎಷ್ಟು ಅಪಾಯಕಾರಿ ಎಂಬುದನ್ನು ಬೆಳಗೊಳದ ಶಾಸನವೇ ತೋರಿಸುತ್ತದೆ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ; 1123ರಲ್ಲಿ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದವಳು. ಆಕೆಯ ತಂದೆಯ ಹೆಸರು ಪೆರ್ಗಡೆ ಮಾರಸಿಂಗಯ್ಯ. ಆತನು ಶಿವಭಕ್ತ. ತಾಯಿ ಮಾಚಿಕಬ್ಬೆಯಾದರೋ ಜಿನಭಕ್ತೆ. ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದ ಬಳಿಕ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತವನ್ನು ಸ್ವೀಕರಿಸಿ ದೇಹವನ್ನು ತ್ಯಜಿಸಿದಳು.

ಒಬ್ಬ ಸಂಶೋಧಕನು ‘ಪೆರ್ಗಡೆ’ ಎಂಬ ಪದವೊಂದನ್ನೇ ಹಿಡಿದು, ಇವನು ನಮ್ಮವನು ಎಂದು ಜೈನ ವಂಶಾವಳಿಗೆ ಸೇರಿಸಿದರೆ ತಪ್ಪಾಗುತ್ತದೆ. ಶೈವನೆಂದು ಬಿಟ್ಟುಬಿಟ್ಟರೆ ಶಾಂತಲೆಯ ಮನೆಯ ಅರ್ಧ ಚರಿತ್ರೆಯೇ ಕಳೆದುಹೋಗುತ್ತದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಶಾಸನಕಾರರು ಮಾಚಿಕಬ್ಬೆಯನ್ನು ‘ಮಾರಸಿಂಗಯ್ಯನ ಹೆಂಡತಿ’ ಎಂದಷ್ಟೇ ಬರೆದು ಕೈಬಿಡಲಿಲ್ಲ. ಆಕೆಯ ತಂದೆ ದಂಡನಾಯಕ ಬಲದೇವ, ತಾಯಿ ಬಾಚಿಕಬ್ಬೆ ಎಂದು ತವರಿನ ವಂಶವನ್ನೂ ಕಲ್ಲಿನಲ್ಲಿ ಕಂಡರಿಸಿದರು. ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೆಣ್ಣಿನ ತವರನ್ನು ದಾಖಲಿಸಿದ ಪರಂಪರೆಗೆ ಸೇರಿದ ನಾವು, ಇಂದು ಅಚ್ಚು ಹಾಕಿಸುವ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಜಾಗವನ್ನು ಖಾಲಿ ಬಿಡುವುದು ಯಾವ ನ್ಯಾಯ?

ಈ ಎಲ್ಲ ವಿವರಗಳು ನಮಗೆ ದೊರೆತದ್ದೂ ಒಬ್ಬರ ಬಳಿಕ ಒಬ್ಬರು ಸಂಗ್ರಹಿಸಿ ಹಂಚಿದ್ದರಿಂದಲೇ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಪ್ರಕಟಿಸಿದಾಗ ಅದರಲ್ಲಿದ್ದುವು 144 ಶಾಸನಗಳು. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅವು 500ಕ್ಕೆ ಏರಿದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಪ್ರಕಟಿಸಿದ ಆವೃತ್ತಿಯಲ್ಲಿ 573 ಶಾಸನಗಳಿವೆ. ಕಲ್ಲುಗಳು ಮೊದಲೂ ಅಲ್ಲಿಯೇ ಇದ್ದವು. ಹುಡುಕುವ ಕಣ್ಣುಗಳು ಹೆಚ್ಚಿದಂತೆ ಅವು ಮಾತನಾಡಿದವು.

ತುಳುನಾಡಿನಲ್ಲಿ ಹೆಸರಿನ ಹಾದಿ

ಹುದ್ದೆಯ ಹೆಸರು ಮನೆತನದ ಹೆಸರಾಗಿ ಗಟ್ಟಿಗೊಂಡುದಕ್ಕೆ ತುಳುನಾಡು ಒಳ್ಳೆಯ ಉದಾಹರಣೆ. ಬಂಗ, ಚೌಟ, ಅಜಿಲ, ಸಾವಂತ, ಬಲ್ಲಾಳ, ಹೆಗ್ಗಡೆ ಮುಂತಾದ ಅರಸುಮನೆತನಗಳೂ ಪಾಳೆಯಪಟ್ಟುಗಳೂ ಅಲ್ಲಿ ಸೀಮೆ ಮಾಗಣೆಗಳನ್ನು ಆಳಿದವು. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನಂತೆ, ಈ ಮನೆತನದವರಲ್ಲಿ ಅನೇಕರು ಬಸದಿಗಳಿಗೆ ಉಂಬಳಿ ಬಿಟ್ಟವರು. ಕಾಪುವಿನ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರರ ಬಸದಿಗೆ ಭೂಮಿಯನ್ನು ಬಿಟ್ಟುದನ್ನು ಹದಿನಾರನೆಯ ಶತಮಾನದ ತಾಮ್ರಶಾಸನವು ತಿಳಿಸುತ್ತದೆ.

ಇಲ್ಲಿ ಕುಲನಾಮವನ್ನು ಶೋಧಿಸುವವರು ಎರಡು ತೊಡಕುಗಳನ್ನು ಬಿಡಿಸಿಕೊಳ್ಳಬೇಕು. ಮೊದಲನೆಯದು, ಪಟ್ಟದ ಹೆಸರು. ಗಾದಿಗೆ ಬಂದವರು ತಮ್ಮ ಹುಟ್ಟುಹೆಸರನ್ನು ಬಿಟ್ಟು ಮನೆತನಕ್ಕೆ ವಾಡಿಕೆಯಾದ ಪಟ್ಟನಾಮವನ್ನು ಧರಿಸುತ್ತಿದ್ದುದರಿಂದ ಒಂದೇ ಹೆಸರು ತಲೆಮಾರಿನಿಂದ ತಲೆಮಾರಿಗೆ ಮರಳಿ ಮರಳಿ ಬರುತ್ತದೆ. ಎಚ್ಚರ ತಪ್ಪಿದರೆ ಇಬ್ಬರು ಮೂವರು ಬೇರೆ ಬೇರೆ ವ್ಯಕ್ತಿಗಳು ಒಬ್ಬನೇ ಆಗಿ, ಅವನ ಆಯುಸ್ಸು ನೂರೈವತ್ತು ವರ್ಷಗಳಾಗಿಬಿಡುತ್ತದೆ.

ಎರಡನೆಯದು, ಅಳಿಯಸಂತಾನ ಪದ್ಧತಿ. ಈ ಪದ್ಧತಿಯಲ್ಲಿ ‘ಬಳಿ’ಯು ತಾಯಿಯಿಂದ ಬರುತ್ತದೆ, ಆಸ್ತಿಯೂ ಗಾದಿಯೂ ಮಾವನಿಂದ ಸೋದರಳಿಯನಿಗೆ ಸಲ್ಲುತ್ತವೆ. ಆದ್ದರಿಂದ ಒಬ್ಬ ಹೆಗ್ಗಡೆಯ ಬಳಿಕ ಬಂದ ಇನ್ನೊಬ್ಬ ಹೆಗ್ಗಡೆಯನ್ನು ಮಗನೆಂದು ಬರೆದುಬಿಡುವುದು ಸುಲಭ, ಆದರೆ ತಪ್ಪು. ತಂದೆಯಿಂದ ಮಗನಿಗೆ ಗೆರೆಯೆಳೆಯುವ ಮಾದರಿಯ ವಂಶವೃಕ್ಷವು ಈ ಮನೆಗಳಿಗೆ ಹೊಂದುವುದೇ ಇಲ್ಲ. ಅಲ್ಲಿ ಮರದ ಕಾಂಡವೇ ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು. ಯಜಮಾನರು ಆ ಕಾಂಡದ ಕೊಂಬೆಗಳು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯೂ ಬಳಿಕ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆಸ್ತಿಯ ಕ್ರಮವನ್ನು ಬದಲಾಯಿಸಿದವು. ಮಕ್ಕಳು ತಂದೆಯ ಹೆಸರನ್ನು ಮುಂದುವರಿಸುವ ಪದ್ಧತಿ ಬೆಳೆಯಿತು. ಇದರ ಫಲವಾಗಿ ಒಂದೇ ಕುಟುಂಬದಲ್ಲಿ ಅಜ್ಜನ ಹೆಸರು ಅವನ ತಾಯಿಯ ಮನೆಯದು, ಮೊಮ್ಮಗನ ಹೆಸರು ಅವನ ತಂದೆಯ ಮನೆಯದು ಆಗಿರುವುದುಂಟು. ಶಾಲೆಯ ದಾಖಲೆಯಲ್ಲಿರುವ ಕುಲನಾಮವನ್ನು ಕಂಡು ವಂಶವನ್ನು ನಿರ್ಣಯಿಸುವವರು ಆ ದಾಖಲೆಯ ಇಸವಿಯನ್ನು ಮೊದಲು ನೋಡಬೇಕು.

ನಮ್ಮ ಶಾಸ್ತ್ರಕಾರರು ತಂದೆಯ ಅನ್ವಯವನ್ನು ‘ಕುಲ’ವೆಂದೂ ತಾಯಿಯ ಅನ್ವಯವನ್ನು ‘ಜಾತಿ’ಯೆಂದೂ ಬೇರೆ ಬೇರೆಯಾಗಿ ಹೆಸರಿಸಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಎಂಟು ಮದಗಳಲ್ಲಿ ಈ ಎರಡೂ ಸೇರಿವೆ. ವಂಶವನ್ನು ತಿಳಿಯುವುದಾದರೆ ಎರಡು ಕಡೆಯದನ್ನೂ ತಿಳಿಯಬೇಕು; ಹೆಮ್ಮೆಯನ್ನು ಬಿಡುವುದಾದರೆ ಎರಡು ಕಡೆಯದನ್ನೂ ಬಿಡಬೇಕು.

ಒಂದೇ ಹೆಸರು, ಹಲವು ಸಮುದಾಯ

ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ, 1977ರಿಂದ ಲೋಕಸಭೆಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದ ಕೆ. ಎಸ್. ಹೆಗ್ಡೆಯವರು ಕಾರ್ಕಳ ಸೀಮೆಯ ಬಂಟ ಸಮುದಾಯದವರು. 1968ರಿಂದ ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿರುವ ಡಿ. ವೀರೇಂದ್ರ ಹೆಗ್ಗಡೆಯವರು ಜೈನರು. ಗೌಡ ಸಾರಸ್ವತರಲ್ಲಿಯೂ ಈ ಹೆಸರುಂಟು. ಇವರೆಲ್ಲರ ಹೆಸರಿನ ಮೂಲ ಒಂದೇ. ರಕ್ತಸಂಬಂಧ ಒಂದೇ ಎಂದು ಹೇಳಲು ಅದು ಆಧಾರವಲ್ಲ. ಆಯಾ ಊರಿನಲ್ಲಿ ಆಡಳಿತದ ಹೊಣೆ ಹೊತ್ತ ಹಿರಿಯನು ಯಾವ ಸಮುದಾಯದವನಾಗಿದ್ದನೋ ಅವನ ಮನೆಗೆ ಈ ಹೆಸರು ನಿಂತಿತು.

ಇದಕ್ಕೆ ಪ್ರತಿಯಾಗಿ, ಬೇರೆ ಬೇರೆ ಕುಲನಾಮಗಳಿರುವ ಎರಡು ಮನೆಗಳು ಒಂದೇ ಬಳಿಯವಾಗಿರಬಹುದು. ಬಿರ್ಮಣ್ಣ ಪೆರ್ಗಡೆಯ ಮಡದಿ ಬಲ್ಲಾಳ್ತಿ ಎಂಬುದನ್ನು ನೆನೆದರೆ ಸಾಕು. ಒಂದೇ ಚಾವಡಿಯಲ್ಲಿ ಎರಡು ಹೆಸರುಗಳು ಕೂಡಿ ಬಾಳಿದವು. ಆದ್ದರಿಂದ ‘ಹೆಗ್ಗಡೆ’ ಎಂದಿರುವ ಎಲ್ಲ ಉಲ್ಲೇಖಗಳನ್ನು ಒಟ್ಟುಗೂಡಿಸಿ ಒಂದೇ ವಂಶವನ್ನು ಕಟ್ಟುವುದು ಕುಲನಾಮ ಶೋಧನೆಯಲ್ಲ. ಊರು, ಬೀಡು, ಬಳಿ, ಬಸದಿ, ಇಸವಿ ಇವು ಐದನ್ನೂ ಪ್ರತಿಯೊಂದು ಹೆಸರಿನ ಜೊತೆಗೆ ಬರೆದಿಟ್ಟುಕೊಂಡು, ಎರಡು ಸಾಕ್ಷಿಗಳು ಕೂಡಿದಲ್ಲಿ ಮಾತ್ರ ಸಂಬಂಧದ ಗೆರೆಯನ್ನೆಳೆಯಬೇಕು.

ಆಧಾರಗಳು ಎಲ್ಲಿವೆ?

ಮೊದಲ ಆಧಾರವು ಮನೆಯ ಹಿರಿಯರ ನೆನಪು. ವಿಶೇಷವಾಗಿ ಮದುವೆಯಾಗಿ ಬೇರೆ ಮನೆ ಸೇರಿದ ಅಜ್ಜಿಯಂದಿರಿಗೆ ಎರಡು ಮನೆಗಳ ಚರಿತ್ರೆ ಗೊತ್ತಿರುತ್ತದೆ. ಅವರು ಹೇಳಿದುದನ್ನು ಹೇಳಿದ ಮಾತಿನಲ್ಲಿಯೇ, ದಿನಾಂಕದೊಡನೆ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದು ಕಾಗದಪತ್ರಗಳು. ಜಾತಕ, ಲಗ್ನಪತ್ರಿಕೆ, ಮೂಲಗೇಣಿ ಚೀಟು, ಪಾಲುಪಟ್ಟಿ, ಅಡಂಗಲ್, ಪಹಣಿ ಇವುಗಳಲ್ಲಿ ಹೆಸರುಗಳೂ ಸಂಬಂಧಗಳೂ ಇರುತ್ತವೆ. ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸಿಗೆ ಸೇರಿತ್ತು. ಉತ್ತರ ಕನ್ನಡವನ್ನು 1862ರಲ್ಲಿಯೇ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಆದುದರಿಂದ ಅಕ್ಕಪಕ್ಕದ ಎರಡು ಊರುಗಳ ಹಳೆಯ ಸರಕಾರಿ ದಾಖಲೆಗಳನ್ನು ಒಂದನ್ನು ಚೆನ್ನೈಯ ಪತ್ರಾಗಾರದ ಕಡೆಗೂ ಇನ್ನೊಂದನ್ನು ಮುಂಬಯಿಯ ಕಡೆಗೂ ಅರಸಬೇಕಾಗುತ್ತದೆ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಸಲ್ಲಿಸಿದ ಅರ್ಜಿಗಳೂ ಭೂನ್ಯಾಯಮಂಡಳಿಯ ಕಡತಗಳೂ ಮಹತ್ತ್ವದವು. ಅವುಗಳಲ್ಲಿ ಭೂಮಾಲಿಕರ ಹೆಸರಿನೊಂದಿಗೆ ಆ ಮಣ್ಣನ್ನು ಉತ್ತವರ ಹೆಸರೂ ಇದೆ. ಬೀಡಿನ ಚರಿತ್ರೆಯನ್ನು ಬರೆಯುವವರು ಒಕ್ಕಲು ಮನೆಗಳ ಹೆಸರನ್ನೂ ಬರೆದರೆ ಮಾತ್ರ ಅದು ನಿಜವಾದ ಚರಿತ್ರೆಯಾಗುತ್ತದೆ. ಬಸದಿಗೆ ಅಕ್ಕಿ ಅಳೆದವನು ಹೆಗ್ಗಡೆಯಾದರೆ ಬೆಳೆದವನು ಬೇರೊಬ್ಬ.

ಮೂರನೆಯದು ಬಸದಿಗಳು. ಕಲ್ಲಿನ ಶಾಸನಗಳಲ್ಲದೆ, ಲೋಹದ ಬಿಂಬಗಳ ಪೀಠದಲ್ಲಿ, ಗಂಟೆಯ ಅಂಚಿನಲ್ಲಿ, ದೀಪದ ಕಂಬದಲ್ಲಿ, ಹಳೆಯ ಪಾತ್ರೆಗಳ ಕಂಠದಲ್ಲಿ ದಾನಿಗಳ ಹೆಸರುಗಳಿವೆ. ತಾಳೆಗರಿ ಗ್ರಂಥಗಳ ಕೊನೆಯ ಪ್ರಶಸ್ತಿಭಾಗದಲ್ಲಿ ಬರೆಯಿಸಿದವರ, ಬರೆದವರ, ದಾನ ಪಡೆದವರ ವಿವರಗಳಿರುತ್ತವೆ. ಮೂಡಬಿದಿರೆಯಲ್ಲಿ ಉಳಿದು ಬಂದ ಮಹಾಬಂಧದ ತಾಳೆಗರಿ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬುದು ನಮಗೆ ತಿಳಿದಿರುವುದು ಅಂತಹ ಪ್ರಶಸ್ತಿಯಿಂದ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯು 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು; ಮನೆತನಗಳ ಶೋಧಕರು ಅದನ್ನು ನೋಡಲೇಬೇಕು.

ಆದರೆ ಈ ಆಧಾರಗಳು ನಮ್ಮ ಕಣ್ಣೆದುರಿನಲ್ಲಿಯೇ ನಾಶವಾಗುತ್ತಿವೆ. ಹುಣಸೆಹುಳಿಯಿಂದ ಉಜ್ಜಿ ಉಜ್ಜಿ ಬಿಂಬದ ಪೀಠದ ಅಕ್ಷರಗಳು ಸವೆಯುತ್ತವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ನೆಲಹಾಸಿನ ಮೇಲೆ ಹೊಳೆಯುವ ಕಲ್ಲನ್ನು ಹಾಸುವಾಗ ಕೆಳಗಿನ ಬರಹ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಶಾಸನಗಳಿಗೆ ಸುಣ್ಣ ಬಳಿಯುತ್ತಾರೆ, ಬಣ್ಣ ಹಚ್ಚುತ್ತಾರೆ. ಭೂಸುಧಾರಣೆಯ ಬಳಿಕ ‘ಇನ್ನು ಇದರಿಂದ ಪ್ರಯೋಜನವಿಲ್ಲ’ ಎಂದು ಅಟ್ಟದ ಕಾಗದಗಳನ್ನು ಒಲೆಗೆ ಹಾಕಿದ ಮನೆಗಳಿವೆ. ಭಕ್ತಿಯ ಕೊರತೆಯಿಂದ ಇವು ನಡೆಯುತ್ತಿಲ್ಲ, ಅರಿವಿನ ಕೊರತೆಯಿಂದ ನಡೆಯುತ್ತಿವೆ. ಆದುದರಿಂದಲೇ ಇದನ್ನು ತಡೆಯಲು ಸಾಧ್ಯವಿದೆ.

ಸತ್ಯಾಣುವ್ರತದ ಐದು ಅತಿಚಾರಗಳು

ಕುಲನಾಮದ ಶೋಧನೆಗೆ ನಿಯಮಗಳನ್ನು ಹೊರಗಿನಿಂದ ತರಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವು ಈ ಕಾರ್ಯಕ್ಕೆಂದೇ ಹೇಳಿದಂತಿವೆ.

ಮೊದಲನೆಯದು ಮಿಥ್ಯೋಪದೇಶ. ಗೊತ್ತಿಲ್ಲದುದನ್ನು ಗೊತ್ತಿರುವಂತೆ ಬೋಧಿಸುವುದು ಇದರಲ್ಲಿ ಸೇರುತ್ತದೆ. ‘ನಮ್ಮ ಮೂಲಪುರುಷನು ಚಾವುಂಡರಾಯನ ಸಂಬಂಧಿ’ ಎಂದು ಆಧಾರವಿಲ್ಲದೆ ಬರೆದು ಮಕ್ಕಳಿಗೆ ಕಲಿಸಿದರೆ ಅದು ಮೂರನೆಯ ತಲೆಮಾರಿನಲ್ಲಿ ‘ಇತಿಹಾಸ’ವೆನಿಸಿಬಿಡುತ್ತದೆ. ಕೇಳಿದ ಮಾತನ್ನು ಕೇಳಿದ ಮಾತೆಂದೇ, ಓದಿದ ಮಾತನ್ನು ಓದಿದುದೆಂದೇ ಗುರುತಿಸಿ ಬರೆಯಬೇಕು.

ಎರಡನೆಯದು ರಹೋಭ್ಯಾಖ್ಯಾನ, ಅಂದರೆ ಇನ್ನೊಬ್ಬರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ಶೋಧನೆಯಲ್ಲಿ ಮುರಿದ ಮದುವೆ, ದತ್ತಕ, ವ್ಯಾಧಿ, ಸಾಲ, ಕಲಹ ಎಲ್ಲವೂ ಕೈಗೆ ಸಿಕ್ಕೇ ಸಿಗುತ್ತವೆ. ಜೀವಂತರಾಗಿರುವವರ ವಿಷಯದಲ್ಲಿ ಅವರ ಒಪ್ಪಿಗೆಯಿಲ್ಲದೆ ಇವನ್ನು ಅಚ್ಚಿಗೆ ಕೊಡುವುದು ಹಿಂಸೆ. ಸಂಗ್ರಹದಲ್ಲಿ ಇರಲಿ, ಹಂಚಿಕೆಯಲ್ಲಿ ಬೇಡ.

ಮೂರನೆಯದು ಕೂಟಲೇಖಕ್ರಿಯೆ, ಸುಳ್ಳು ಬರಹವನ್ನು ಸೃಷ್ಟಿಸುವುದು. ಹಳೆಯ ಕಾಗದದ ಇಸವಿಯನ್ನು ತಿದ್ದುವುದು, ಶಾಸನದ ಅಳಿಸಿದ ಅಕ್ಷರಗಳ ಜಾಗದಲ್ಲಿ ತನಗೆ ಬೇಕಾದ ಹೆಸರನ್ನು ಊಹಿಸಿ ಓದುವುದು ಇದರ ಸೂಕ್ಷ್ಮ ರೂಪಗಳು. ಅಳಿಸಿದ್ದನ್ನು ಚುಕ್ಕಿಗಳಿಂದ ತೋರಿಸುವುದು ಶಾಸನತಜ್ಞರ ಕ್ರಮ. ಆ ಚುಕ್ಕಿಗಳಲ್ಲಿ ಪ್ರಾಮಾಣಿಕತೆಯಿದೆ.

ನಾಲ್ಕನೆಯದು ನ್ಯಾಸಾಪಹಾರ. ನಂಬಿ ಇಟ್ಟ ಒತ್ತೆಯನ್ನು ಹಿಂದಿರುಗಿಸದಿರುವುದು. ನೋಡಿ ಕೊಡುತ್ತೇನೆಂದು ಒಯ್ದ ತಾಳೆಗರಿ, ಪ್ರತಿ ತೆಗೆಯಲೆಂದು ಪಡೆದ ಚಿತ್ರ, ಓದಲೆಂದು ಕೊಂಡೊಯ್ದ ಬಸದಿಯ ಲೆಕ್ಕದ ಪುಸ್ತಕ ಹಿಂದಿರುಗದೆ ಹೋದ ಕಥೆ ಪ್ರತಿಯೊಂದು ಊರಿನಲ್ಲಿಯೂ ಇದೆ. ಒಮ್ಮೆ ಹೀಗಾದರೆ ಆ ಮನೆಯವರು ಮುಂದೆ ಬರುವ ಪ್ರಾಮಾಣಿಕನಿಗೂ ಬಾಗಿಲು ತೆರೆಯುವುದಿಲ್ಲ. ಇಂದು ಇದ್ದಲ್ಲಿಯೇ ಛಾಯಾಚಿತ್ರ ತೆಗೆದುಕೊಳ್ಳುವ ಅನುಕೂಲವಿರುವಾಗ ಮೂಲಪ್ರತಿಯನ್ನು ಮನೆಯಿಂದ ಹೊರಗೆ ಒಯ್ಯುವ ಅಗತ್ಯವೇ ಇಲ್ಲ.

ಐದನೆಯದು ಸಾಕಾರಮಂತ್ರಭೇದ. ಇನ್ನೊಬ್ಬರ ಮುಖಭಾವ, ಇಂಗಿತಗಳಿಂದ ಅವರ ಮನಸ್ಸಿನ ಗುಟ್ಟನ್ನು ಊಹಿಸಿ, ಅಸೂಯೆಯಿಂದ ಹೊರಗೆಡಹುವುದು. ದಾಯಾದಿಗಳ ನಡುವೆ ವಂಶಚರಿತ್ರೆಯು ಹಗೆ ತೀರಿಸುವ ಆಯುಧವಾಗುವುದು ಹೀಗೆ. ನ್ಯಾಯಾಲಯದಲ್ಲಿ ಆಸ್ತಿಯ ವ್ಯಾಜ್ಯವಿರುವಾಗ ಬರೆದ ವಂಶಾವಳಿಯನ್ನು ಓದುವವರೂ ಎಚ್ಚರದಿಂದ ಓದಬೇಕು.

ಇದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಗೋತ್ರಕರ್ಮದ ಆಸ್ರವವನ್ನು ಕುರಿತ ವಿಚಾರವೂ ಬರುತ್ತದೆ. ಪರರನ್ನು ನಿಂದಿಸಿ ತನ್ನನ್ನು ಹೊಗಳಿಕೊಳ್ಳುವುದು, ಪರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಸಾರುವುದು ನೀಚಗೋತ್ರಕ್ಕೆ ಕಾರಣ ಎಂಬುದು ಅದರ ತಾತ್ಪರ್ಯ. ಎಂತಹ ಸೋಜಿಗ! ತನ್ನ ವಂಶವು ಉಚ್ಚವೆಂದು ಸಾಧಿಸಲು ಹೊರಟವನು ಆ ಸಾಧನೆಯಿಂದಲೇ ನೀಚಗೋತ್ರವನ್ನು ಕಟ್ಟಿಕೊಳ್ಳುತ್ತಾನೆ. ಕವಿಚಕ್ರವರ್ತಿ ರನ್ನನು ಬಳೆಗಾರರ ಕುಲದಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂಬುದನ್ನು ಅವನು ಮರೆಮಾಚಲಿಲ್ಲ. ಮನೆಯ ಮೊದಲ ಪುಟದಲ್ಲಿ ಅರಸರಿಲ್ಲದೆ ಬಳೆಯ ಮಲಾರವೇ ಇದ್ದರೆ ಅದನ್ನೇ ಬರೆಯೋಣ.

ಹಂಚಿದರೆ ಉಳಿಯುತ್ತದೆ

ಸಂರಕ್ಷಣೆಯೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೆಂದು ಹಲವರ ಭಾವನೆ. ನಮ್ಮ ಪರಂಪರೆ ಬೇರೆ ಪಾಠವನ್ನು ಹೇಳುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೃತಿಯೊಂದು ಬೆಂಕಿ, ನೀರು, ಗೆದ್ದಲುಗಳನ್ನು ದಾಟಿ ಬರಬೇಕಾದರೆ ಅದು ಹಲವು ಕಡೆ ಇರಬೇಕೆಂಬುದನ್ನು ಆ ಮಹಾತಾಯಿ ಅರಿತಿದ್ದಳು.

ಧವಲ, ಜಯಧವಲ, ಮಹಾಧವಲ ಗ್ರಂಥಗಳ ಕಥೆಯೂ ಇದನ್ನೇ ಸಾರುತ್ತದೆ. ಶತಮಾನಗಳ ಕಾಲ ಇವು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಅಲ್ಲಿನವರು ಕಾಪಾಡಿದ್ದರಿಂದ ಅವು ಉಳಿದವು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಗರಿಗಳು ಶಿಥಿಲವಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯವು ಆರಂಭ‌ವಾಗಿ, 1939ರಿಂದ ಪ್ರೊ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲದ ಸಂಪುಟಗಳು ಅಚ್ಚಾಗಿ ಹೊರಬಂದ ಮೇಲೆಯೇ ಷಟ್ಖಂಡಾಗಮವು ಜಗತ್ತಿನ ವಿದ್ವಾಂಸರ ಕೈಗೆ ಸಿಕ್ಕಿತು. ಕಾಪಾಡಿದವರ ಶ್ರಮವು ಹಂಚಿದವರಿಂದ ಸಾರ್ಥಕವಾಯಿತು. ಆಗಮಗಳಿಗೆ ಹೊಂದಿದ ಈ ಮಾತು ಮನೆಯ ಕಾಗದಗಳಿಗೂ ಹೊಂದುತ್ತದೆ. ಪರಿಗ್ರಹವೆಂಬುದು ಚಿನ್ನಕ್ಕೆ ಮಾತ್ರವಲ್ಲ, ತಿಳಿವಳಿಕೆಗೂ ಅನ್ವಯಿಸುತ್ತದೆ.

ಮಾಡಬೇಕಾದುದು ಕಷ್ಟವೇನಲ್ಲ. ಮನೆಯ ಕಾಗದಗಳ ಪಟ್ಟಿಯೊಂದನ್ನು ಮಾಡುವುದು. ಪ್ರತಿಯೊಂದರ ಎರಡು ಬದಿಗಳ ಚಿತ್ರವನ್ನೂ ತೆಗೆಯುವುದು; ಹಿಂಬದಿಯ ಮೊಹರು, ಷರಾಗಳಲ್ಲಿಯೂ ಹೆಸರುಗಳಿರುತ್ತವೆ. ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ಬಂಧುಗಳಲ್ಲಿ, ಒಂದು ಸಾರ್ವಜನಿಕ ಸಂಸ್ಥೆಯಲ್ಲಿ ಹೀಗೆ ಮೂರು ಕಡೆ ಇಡುವುದು. ಕಂಪ್ಯೂಟರಿನ ಪ್ರತಿಯನ್ನು ಮಾತ್ರ ನಂಬದೆ ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ಇಡುವುದು. ಹಳೆಯ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿ ಮಾಡಿ ಅಂಟಿಸಬಾರದು; ಅದನ್ನು ಮತ್ತೆ ಬಿಡಿಸಲಾಗದು. ತಾಳೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುವ ರೂಢಿಯಿದ್ದರೂ ಅದನ್ನು ತಿಳಿದವರಿಂದಲೇ ಮಾಡಿಸಬೇಕು. ಮೂಡಬಿದಿರೆಯ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನದಂತಹ ಸಂಸ್ಥೆಗಳಲ್ಲಿ ಈ ಅನುಭವವಿದೆ. ಹಸ್ತಪ್ರತಿಗಳ ಸಂರಕ್ಷಣೆಗಾಗಿ ಭಾರತ ಸರಕಾರವೂ 2003ರಲ್ಲಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿತು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಜೀರ್ಣೋದ್ಧಾರಕ್ಕೆ ಕೈಹಚ್ಚುವ ಮೊದಲು ಬಸದಿಯಲ್ಲಿರುವ ಎಲ್ಲ ಬರಹಗಳ ಪಡಿಯಚ್ಚನ್ನೋ ಚಿತ್ರವನ್ನೋ ತೆಗೆಯಿಸಿ, ಅವು ಇದ್ದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ ಇಡಬೇಕು. ಪೀಠದಲ್ಲಿ ಅಕ್ಷರಗಳಿರುವ ಬಿಂಬಗಳನ್ನು ಉಜ್ಜುವಲ್ಲಿ ಇಂದ್ರರಿಗೆ ಎಚ್ಚರ ಹೇಳಬೇಕು. ಹೊಸ ದಾನಿಗಳ ಹೆಸರಿನ ಫಲಕವನ್ನು ಹಾಕಲು ಹಳೆಯ ದಾನಿಯ ಕಲ್ಲನ್ನು ಕೀಳಬಾರದು. ಕೀಳುವವನ ಹೆಸರನ್ನೂ ಮುಂದೊಬ್ಬನು ಕಿತ್ತಾನು.

‘ಜೈನ್’ ಎಂಬ ಹೊಸ ಕುಲನಾಮ

ಪರಊರು, ಪರದೇಶಗಳಲ್ಲಿ ನೆಲೆಸಿದ ನಮ್ಮ ಯುವಕ ಯುವತಿಯರಲ್ಲಿ ಹಲವರು ಮನೆತನದ ಹೆಸರನ್ನು ಬಿಟ್ಟು ‘ಜೈನ್’ ಎಂದು ಬರೆದುಕೊಳ್ಳುತ್ತಿದ್ದಾರೆ. ಧರ್ಮದ ಮೇಲಿನ ಅಭಿಮಾನದಿಂದ ಹೀಗೆ ಮಾಡುವವರನ್ನು ಆಕ್ಷೇಪಿಸಬೇಕಾಗಿಲ್ಲ. ಕುಲದ ಹೆಸರನ್ನು ಬಿಟ್ಟು ಧರ್ಮದ ಹೆಸರನ್ನು ಹೊತ್ತುದರಿಂದ ಕುಲಮದವು ಕಡಿಮೆಯಾಗುವುದಾದರೆ ಅದು ಒಳ್ಳೆಯದೇ. ನಮ್ಮ ಮುನಿಗಳು ದೀಕ್ಷೆಯ ದಿನ ಮನೆಯ ಹೆಸರನ್ನು ಬಿಟ್ಟೇ ಬಿಡುತ್ತಾರೆ. ಅಲ್ಲಿಂದ ಅವರ ವಂಶಾವಳಿಯು ಮೂಲಸಂಘ, ದೇಶೀಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ ಎಂಬ ಗುರುಪರಂಪರೆಯದು.

ಆದರೆ ಶ್ರಾವಕನಿಗೆ ಮನೆಯಿದೆ, ಊರಿದೆ, ಬಸದಿಯಿದೆ. ಎರಡು ತಲೆಮಾರುಗಳ ಬಳಿಕ ‘ಜೈನ್’ ಎಂಬ ಹೆಸರಿನಿಂದ ಅವನು ಯಾವ ಊರಿನವನು, ಯಾವ ಭಾಷೆಯವನು, ಯಾವ ಬಸದಿಯ ಪೂಜೆಗೆ ಅವನ ಹಿರಿಯರು ಅಕ್ಕಿ ಅಳೆದರು ಎಂಬುದು ತಿಳಿಯುವುದಿಲ್ಲ. ಜನಗಣತಿಯಲ್ಲಿ ಧರ್ಮಕ್ಕೆ ಪ್ರತ್ಯೇಕ ಅಂಕಣವಿದೆ. ಅಲ್ಲಿ ‘ಜೈನ’ ಎಂದು ಬರೆಯಿಸುವುದು ಕರ್ತವ್ಯ. ಅದಕ್ಕಾಗಿ ಮನೆಯ ಹೆಸರನ್ನು ಅಳಿಸಬೇಕಾಗಿಲ್ಲ. ಅಳಿಸುವುದೇ ಆದರೆ, ಅದಕ್ಕೆ ಮೊದಲು ಹಳೆಯ ಹೆಸರು ಯಾವುದಿತ್ತು, ಯಾವಾಗ, ಯಾರ ಕಾಲದಲ್ಲಿ ಬದಲಾಯಿತು ಎಂಬ ನಾಲ್ಕು ಸಾಲುಗಳನ್ನಾದರೂ ಬರೆದು ಮಕ್ಕಳ ಕೈಗೆ ಕೊಡಬೇಕು.

ಹೆಗ್ಗಡೆಯೆಂಬುದು ಹೊಣೆಯ ಹೆಸರಾಗಿ ಹುಟ್ಟಿತು. ಶೆಟ್ಟಿ, ಭಂಡಾರಿ, ಪಾಟೀಲ, ಉಪಾಧ್ಯೆ, ಇಂದ್ರ ಮುಂತಾದ ನಮ್ಮ ಇತರ ಹೆಸರುಗಳೂ ವ್ಯಾಪಾರ, ಕಾಪು, ಆಡಳಿತ, ಬೋಧನೆ, ಪೂಜೆ ಎಂಬ ಒಂದೊಂದು ಹೊಣೆಯಿಂದ ಬಂದವು. ಹಿರಿಯರು ಆ ಹೊಣೆಯನ್ನು ಹೇಗೆ ನಿರ್ವಹಿಸಿದರು, ಎಲ್ಲಿ ಎಡವಿದರು, ಯಾರು ಅವರಿಗೆ ನೆರವಾದರು ಎಂಬುದನ್ನು ಉಳಿಸಿ ಮುಂದಿನವರಿಗೆ ಒಪ್ಪಿಸುವುದೇ ಕುಲನಾಮ ಶೋಧನೆಯ ಗುರಿ. ಬರುವ ಪರ್ಯೂಷಣದ ದಿನಗಳಲ್ಲಿ, ಉತ್ತಮ ಸತ್ಯದ ದಿನವನ್ನಾದರೂ ಇದಕ್ಕೆ ಮೀಸಲಿಟ್ಟು, ಮನೆಯ ಹಿರಿಯರೊಬ್ಬರ ಬಳಿ ಕುಳಿತು ಅವರ ತಾಯಿಯ ಹೆಸರು, ಅಜ್ಜಿಯ ಹೆಸರು, ಅವರ ಊರು ಮತ್ತು ಬಸದಿಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಕಾರ್ಯವನ್ನು ಪ್ರತಿಯೊಂದು ಕುಟುಂಬವೂ ಕೈಗೊಳ್ಳಲೆಂದು ಆಶಿಸೋಣ.